ಮೇಲಿನ ಕುರ್ಚಿಗೂ ಒಂದು ಜಾಹೀರಾತು ಹಾಕಿ

ಮಂಗಳೂರು, ಉಡುಪಿ, ಮಣಿಪಾಲದ ಖಾಸಗಿ ಆಸ್ಪತ್ರೆ, ಕಾಲೇಜು, ಹಣಕಾಸು ಸಂಸ್ಥೆ, ಕಂಪನಿಗಳ ಆಡಳಿತ ಮಂಡಳಿಯವರಿಗೆ,

ನಮಸ್ಕಾರ.

ನಾನು 24 ವರ್ಷ ಎಚ್.ಆರ್. ವಿಭಾಗದಲ್ಲಿ ಕೆಲಸ ಮಾಡಿದವಳು. ಮೊದಲು ಒಂದು ಫೈನಾನ್ಸ್ ಕಂಪನಿಯಲ್ಲಿ, ಆಮೇಲೆ ಒಂದು ಕಾಲೇಜಿನಲ್ಲಿ, ಕೊನೆಗೆ ಒಂದು ದೊಡ್ಡ ಆಸ್ಪತ್ರೆಯಲ್ಲಿ. ಕಳೆದ ವರ್ಷ ಕೆಲಸ ಬಿಟ್ಟೆ. ಯಾವ ಸಂಸ್ಥೆ ಅಂತ ಇಲ್ಲಿ ಬರೆಯುವುದಿಲ್ಲ. ಒಂದು ಹೆಸರು ಹೇಳಿದರೆ ಉಳಿದವರು "ಅಬ್ಬ, ನಾವಲ್ಲ" ಅಂತ ಪತ್ರ ಮಡಚಿಡುತ್ತೀರಿ. ಇದನ್ನು ನೀವೆಲ್ಲರೂ ಪೂರ್ತಿ ಓದಬೇಕು ಅಂತ ನನ್ನ ಆಸೆ.

ನಿಮ್ಮಲ್ಲಿ ಕೆಲವರಿಗೆ ನನ್ನ ಮುಖ ಪರಿಚಯ ಇರಬಹುದು. ಸಂದರ್ಶನದ ದಿನ ಮೇಜಿನ ತುದಿಯಲ್ಲಿ ಫೈಲು ಇಟ್ಟುಕೊಂಡು ಕೂರುತ್ತಿದ್ದವಳು, ಒಬ್ಬೊಬ್ಬರನ್ನೇ ಹೆಸರು ಹಿಡಿದು ಒಳಗೆ ಕರೆಯುತ್ತಿದ್ದವಳು, ನೀವು ಕೊಟ್ಟ ಅಂಕ ಕೂಡಿಸಿ ಬರೆಯುತ್ತಿದ್ದವಳು ನಾನೇ. ಆ ಮೇಜಿನ ತುದಿಯಿಂದ ಕಂಡದ್ದನ್ನು ಹೇಳುತ್ತೇನೆ.

ಕೆಳಗಿನ ಕೆಲಸಕ್ಕೆ ನಮ್ಮಲ್ಲಿ ಜಾಹೀರಾತು ಬರುತ್ತದೆ. ಮೇಲಿನ ಕೆಲಸಕ್ಕೆ ಫೋನು ಬರುತ್ತದೆ.

ಅಟೆಂಡರ್ ಬೇಕಾದರೆ ಪೇಪರಿಗೆ ಕೊಡುತ್ತೇವೆ, ಗೇಟಿನ ಹತ್ತಿರ ಬೋರ್ಡು ಹಾಕುತ್ತೇವೆ. ಅಕೌಂಟ್ಸ್ ಕ್ಲಾರ್ಕ್‌ಗೆ ಲಿಖಿತ ಪರೀಕ್ಷೆ ಇಡುತ್ತೇವೆ. ಸ್ಟಾಫ್ ನರ್ಸ್‌ಗಳಿಗಾಗಿ ಕಾಲೇಜುಗಳಿಗೇ ಹೋಗುತ್ತೇವೆ. ಜನರಲ್ ಮ್ಯಾನೇಜರ್ ಹುದ್ದೆ ಖಾಲಿಯಾದಾಗ ಮಾತ್ರ ಪೇಪರೂ ಇಲ್ಲ, ಬೋರ್ಡೂ ಇಲ್ಲ. ಯಾರದೋ ಮದುವೆಯಲ್ಲಿ ಊಟಕ್ಕೆ ಕೂತಾಗ ಮಾತು ಬರುತ್ತದೆ. ದೇವಸ್ಥಾನದ ಜೀರ್ಣೋದ್ಧಾರ ಸಮಿತಿಯ ಸಭೆ ಮುಗಿದ ಮೇಲೆ ಬರುತ್ತದೆ. ಚರ್ಚಿನ ಅಂಗಳದಲ್ಲಿ, ಜಮಾತಿನ ಕಚೇರಿಯಲ್ಲಿ, ಕ್ಲಬ್ಬಿನಲ್ಲಿ ಬರುತ್ತದೆ. "ನಮ್ಮ ಹುಡುಗ ಒಬ್ಬ ಇದ್ದಾನೆ. ದುಬೈಯಿಂದ ವಾಪಸ್ ಬರ್ತಾ ಇದ್ದಾನೆ. ಒಳ್ಳೆ ಜನ." ಮರುದಿನ ಬೆಳಿಗ್ಗೆ ನನ್ನ ಟೇಬಲಿಗೆ ಬಯೋಡೇಟಾ ಬರುತ್ತದೆ. ಜೊತೆಗೆ ಒಂದು ಮಾತು: "ಫಾರ್ಮಾಲಿಟಿ ಎಲ್ಲ ಮುಗಿಸಿಬಿಡಿ."

ಹಾಗೆ ಬಂದವರಲ್ಲಿ ಹೆಚ್ಚಿನವರು ಒಳ್ಳೆ ಕೆಲಸಗಾರರೇ ಆಗಿದ್ದರು. ಅದನ್ನು ಒಪ್ಪದೆ ಇದ್ದರೆ ಸುಳ್ಳು ಹೇಳಿದಂತಾಗುತ್ತದೆ. ಆದರೆ ಆ ಮದುವೆಗೆ ಕಾಗದ ಹೋಗದ ಮನೆಗಳಲ್ಲೂ ಓದಿದವರಿದ್ದಾರೆ. ಅವರಿಗೆ ಹುದ್ದೆ ಖಾಲಿಯಾದದ್ದು ಗೊತ್ತಾಗುವುದು, ಹೊಸಬರಿಗೆ ಹೂಗುಚ್ಛ ಕೊಡುವ ಫೋಟೋ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಬಂದಾಗ.

ನಮ್ಮ ಊರಿನಲ್ಲಿ ಜಾತಿ ಯಾವುದು ಅಂತ ಯಾರೂ ನೇರವಾಗಿ ಕೇಳುವುದಿಲ್ಲ. ತುಳುವಿನಲ್ಲಿ "ಇಲ್ಲ್ ಓಲು?" ಅಂತ ಕೇಳುತ್ತಾರೆ. ಮನೆ ಎಲ್ಲಿ ಅಂತ. ಬಸ್ಸಿನಲ್ಲಿ ಪಕ್ಕ ಕೂತವರೂ ಕೇಳುತ್ತಾರೆ, ಅದರಲ್ಲಿ ಪ್ರೀತಿಯೂ ಇರುತ್ತದೆ. ಇಬ್ಬರಿಗೂ ಗೊತ್ತಿರುವ ಯಾರಾದರೂ ಸಿಕ್ಕಿದರೆ ಮಾತು ಸಲೀಸಾಗುತ್ತದೆ ಅಲ್ವಾ. ಆದರೆ ಇದೇ ಪ್ರಶ್ನೆ ಸಂದರ್ಶನದ ಕೋಣೆಗೆ ಬಂದಾಗ ಏನಾಗುತ್ತದೆ ಅಂತ ನಾನು ಕಂಡಿದ್ದೇನೆ.

ನರ್ಸಿಂಗ್ ಸೂಪರಿಂಟೆಂಡೆಂಟ್ ಹುದ್ದೆಗೆ ಸಂದರ್ಶನ. ಒಳಗಿನಿಂದಲೇ ಇಬ್ಬರನ್ನು ಕರೆದಿದ್ದೆವು. ಅವರಲ್ಲಿ ಒಬ್ಬರು 19 ವರ್ಷ ನಮ್ಮಲ್ಲೇ ದುಡಿದ ಸಿಸ್ಟರ್. ಸ್ಟಾಫ್ ನರ್ಸ್ ಆಗಿ ಸೇರಿ, ವಾರ್ಡ್ ಇನ್‌ಚಾರ್ಜ್ ಆಗಿ, ಡೆಪ್ಯುಟಿ ಆದವರು. 2020ರಲ್ಲಿ ಕೋವಿಡ್ ವಾರ್ಡಿನ ಡ್ಯೂಟಿ ಪಟ್ಟಿ ಹಾಕಿದವರು ಅವರೇ. ಯಾರ ಮನೆಯಲ್ಲಿ ಸಣ್ಣ ಮಗು ಇದೆ, ಯಾರ ಅಪ್ಪನಿಗೆ ಡಯಾಲಿಸಿಸ್ ಇದೆ ಅಂತ ನೆನಪಿಟ್ಟುಕೊಂಡು ಹಾಕಿದ್ದರು. ಆಸ್ಪತ್ರೆಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಎನ್‌ಎಬಿಎಚ್‌ನಿಂದ ತಪಾಸಣೆಗೆ ಬಂದವರು ಫೈಲು ಕೇಳಿದರೆ ಎಲ್ಲರೂ ಅವರ ಮುಖ ನೋಡುತ್ತಿದ್ದರು.

ಅವರು ಒಳಗೆ ಬಂದು ಕೂತರು. ಕೈಯಲ್ಲಿದ್ದ ಫೈಲನ್ನು ತೊಡೆಯ ಮೇಲೆ ನೇರ ಮಾಡಿಕೊಂಡರು. ಮೊದಲ ಹತ್ತು ನಿಮಿಷ ಕೆಲಸದ ಪ್ರಶ್ನೆಗಳು. ಸೋಂಕು ಹರಡದಂತೆ ಏನು ಮಾಡುತ್ತೀರಿ, ನರ್ಸ್‌ಗಳು ಬಿಟ್ಟುಹೋಗದಂತೆ ಏನು ಮಾಡುತ್ತೀರಿ. ಚೆನ್ನಾಗಿ ಹೇಳಿದರು. ಆಮೇಲೆ ಹಿರಿಯರೊಬ್ಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಸಲುಗೆಯಿಂದ ಕೇಳಿದರು.

"ಇಲ್ಲ್ ಓಲು?"

ಸಿಸ್ಟರ್ ಊರಿನ ಹೆಸರು ಹೇಳಿದರು.

"ಅಲ್ಲಿ ಎಲ್ಲಿ? ಭಜನಾ ಮಂದಿರದ ಹತ್ತಿರವಾ?"

"ಅಲ್ಲ ಸರ್. ಅಲ್ಲಿಂದ ಕೆಳಗೆ."

"ಕೆಳಗೆ ಅಂದ್ರೆ?"

"ಕಾಲೊನಿ, ಸರ್."

"ಹಾಂ, ಹಾಂ," ಅಂದರು. ಕನ್ನಡಕ ತಿರುಗಿ ಹಾಕಿಕೊಂಡರು. ಇನ್ನೊಂದು ಪ್ರಶ್ನೆ ಬರಲಿಲ್ಲ. ಅಷ್ಟು ಹೊತ್ತು ಬೆನ್ನು ನೆಟ್ಟಗೆ ಮಾಡಿ ಕೂತಿದ್ದ ಸಿಸ್ಟರ್ ಫೈಲು ಮುಚ್ಚಿದರು. ಯಾರೂ ಎದ್ದೇಳಿ ಅನ್ನಲಿಲ್ಲ. ಅವರಿಗೇ ಗೊತ್ತಾಯಿತು.

ನಮ್ಮ ಕಡೆ ಕಾಲೊನಿ ಅಂದರೆ ಏನು ಅಂತ ನಿಮಗೆ ನಾನು ವಿವರಿಸಬೇಕಾಗಿಲ್ಲ. ನನ್ನ ಮನೆಯೂ ಅಂಥದ್ದೇ ಒಂದು ಕಾಲೊನಿಯಲ್ಲಿ. ನಾನೂ ಪರಿಶಿಷ್ಟ ಜಾತಿಯವಳು.

ಅಂಕಪಟ್ಟಿ ನನ್ನ ಕೈಗೆ ಬಂತು. ವಿದ್ಯಾರ್ಹತೆಗೆ 20, ಅನುಭವಕ್ಕೆ 30, ಕೆಲಸದ ಜ್ಞಾನಕ್ಕೆ 30, ವ್ಯಕ್ತಿತ್ವಕ್ಕೆ 20. ಮೊದಲ ಮೂರರಲ್ಲಿ ಸಿಸ್ಟರಿಗೆ 80ಕ್ಕೆ 66 ಬಂದಿತ್ತು, ಇನ್ನೊಬ್ಬರಿಗೆ 55. ವ್ಯಕ್ತಿತ್ವದಲ್ಲಿ ಸಿಸ್ಟರಿಗೆ 6, ಇನ್ನೊಬ್ಬರಿಗೆ 19. ಕೂಡಿಸಿದರೆ 72 ಮತ್ತು 74. ನಾನೇ ಕೂಡಿಸಿದ್ದು, ಎರಡು ಸಲ. ವ್ಯಕ್ತಿತ್ವಕ್ಕೆ 6 ಯಾಕೆ ಅಂತ ಹೊರಗೆ ಬಂದ ಮೇಲೆ ಆ ಹಿರಿಯರನ್ನು ಕೇಳಿದೆ. "ಅವರು ಒಳ್ಳೆಯವರೇ ಮಾರಾಯ್ರೆ. ಆದರೆ ಆ ಕುರ್ಚಿಗೆ ಸೆಟ್ ಆಗ್ಲಿಕ್ಕಿಲ್ಲ," ಅಂದರು. ಅವರ ಮಾತಿನಲ್ಲಿ ದ್ವೇಷ ಇರಲಿಲ್ಲ. ಅದೇ ನನಗೆ ಜಾಸ್ತಿ ನೋವು ಕೊಟ್ಟದ್ದು. ಜಗಳ ಆಡಲಿಕ್ಕೂ ಎದುರಿಗೆ ಯಾರೂ ಇಲ್ಲದ ಹಾಗೆ ಆಯಿತು.

ಇನ್ನೊಂದನ್ನು ಮುಚ್ಚಿಡುವುದಿಲ್ಲ. ಆ ಅಂಕಪಟ್ಟಿಯ ಫಾರಂ ತಯಾರು ಮಾಡಿದ್ದು ನಾನು. ಹಳೆಯ ಫಾರಂ ನೋಡಿ ಹಾಗೇ ಟೈಪ್ ಮಾಡಿದ್ದೆ. ವ್ಯಕ್ತಿತ್ವ ಅಂದರೆ ಏನು, ಏನನ್ನು ನೋಡಿ ಅಂಕ ಕೊಡಬೇಕು ಅಂತ ಒಂದು ಸಾಲೂ ಬರೆದಿರಲಿಲ್ಲ. ಆ ಖಾಲಿ ಜಾಗದಲ್ಲಿ ಏನು ಬೇಕಾದರೂ ತುಂಬಬಹುದಿತ್ತು. ತುಂಬಿದರು.

ಇದು ಒಂದು ಆಸ್ಪತ್ರೆಯ ಒಂದು ದಿನದ ಕಥೆ, ಇದರಿಂದ ಏನು ತೀರ್ಮಾನ ಮಾಡುವುದು ಅಂತ ನೀವು ಕೇಳಬಹುದು. ಕೇಳಬೇಕು ಕೂಡ. 2007ರಲ್ಲಿ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಎಂಬ ಇಬ್ಬರು ವಿದ್ವಾಂಸರು ಒಂದು ಅಧ್ಯಯನ ಪ್ರಕಟಿಸಿದರು. ಪೇಪರಿನಲ್ಲಿ ಬಂದ ಖಾಸಗಿ ಕಂಪನಿಗಳ 548 ಜಾಹೀರಾತುಗಳಿಗೆ 4,808 ಅರ್ಜಿ ಹಾಕಿದ್ದರು. ವಿದ್ಯೆ, ಅನುಭವ ಒಂದೇ ಮಟ್ಟದ್ದು. ಹೆಸರು ಮಾತ್ರ ಬೇರೆ. ಕೆಲವು ಮೇಲ್ಜಾತಿಯವರ ಹೆಸರು, ಕೆಲವು ದಲಿತರ ಹೆಸರು, ಕೆಲವು ಮುಸ್ಲಿಮರ ಹೆಸರು. ಮೇಲ್ಜಾತಿಯ ಹೆಸರಿಗೆ ಕರೆ ಬರುವ ಸಾಧ್ಯತೆ ಮೂರು ಪಾಲು ಅಂತ ಇಟ್ಟುಕೊಂಡರೆ ದಲಿತ ಹೆಸರಿಗೆ ಎರಡು ಪಾಲು, ಮುಸ್ಲಿಂ ಹೆಸರಿಗೆ ಒಂದೇ ಪಾಲು. ಅಲ್ಲಿ ಯಾರೂ ಎದುರು ಕೂತಿರಲಿಲ್ಲ. ಕಾಗದದ ಮೇಲಿನ ಹೆಸರೊಂದೇ ಇದ್ದದ್ದು.

ಅದು ಬಾಗಿಲಿನ ಲೆಕ್ಕ. ಒಳಗಿನ ಕೋಣೆಯ ಲೆಕ್ಕವೂ ಇದೆ. ದೇಶದ 1,000 ದೊಡ್ಡ ಕಂಪನಿಗಳ ಆಡಳಿತ ಮಂಡಳಿಗಳಲ್ಲಿ ಯಾರು ಕೂತಿದ್ದಾರೆ ಅಂತ ಎಣಿಸಿದ ಇನ್ನೊಂದು ಅಧ್ಯಯನ 2012ರಲ್ಲಿ ಬಂತು. ನಿರ್ದೇಶಕರಲ್ಲಿ ಹತ್ತಿರ ಹತ್ತಿರ ಶೇ. 93 ಮಂದಿ ಮುಂದುವರಿದ ಜಾತಿಯವರು. ಹಿಂದುಳಿದ ವರ್ಗದವರು ಶೇ. 3.8. ಪರಿಶಿಷ್ಟ ಜಾತಿ, ಪಂಗಡ ಎರಡೂ ಸೇರಿ ಶೇ. 3.5.

ಈಗ ನಮ್ಮ ಜಿಲ್ಲೆಗಳನ್ನು ನೋಡಿ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಜನರಲ್ಲಿ ಶೇ. 24 ಮುಸ್ಲಿಮರು, ಶೇ. 8 ಕ್ರೈಸ್ತರು. ಉಡುಪಿಯಲ್ಲಿ ಸಾವಿರ ಗಂಡಸರಿಗೆ 1,094 ಹೆಂಗಸರು. ನಿಮ್ಮ ಸಂಸ್ಥೆಯ ಲಾಬಿಯಲ್ಲಿ ಹಿಂದಿನ ಅಧ್ಯಕ್ಷರ, ನಿರ್ದೇಶಕರ ಫೋಟೋಗಳಿಗೆ ಚೌಕಟ್ಟು ಹಾಕಿ ಸಾಲಾಗಿ ತೂಗಿಸಿದ್ದೀರಿ ಅಲ್ವಾ? ವಾರ್ಷಿಕೋತ್ಸವದ ಹಿಂದಿನ ದಿನ ಅದರ ಧೂಳು ಒರೆಸಿಸುವುದು ನನ್ನ ಜವಾಬ್ದಾರಿ ಆಗಿತ್ತು. ಒರೆಸುತ್ತಿದ್ದ ಹೆಂಗಸು ಒಂದು ಸಲ ಕೇಳಿದಳು, "ಮೇಡಂ, ಇವರೆಲ್ಲ ಒಂದೇ ಮನೆಯವರಾ?" ಅಲ್ಲ ಅಂದೆ. ಹೇಳಿದ ಮೇಲೆ ನಾನೂ ನಿಂತು ನೋಡಿದೆ. ನೀವೂ ನಾಳೆ ಒಳಗೆ ಹೋಗುವಾಗ ಒಂದು ನಿಮಿಷ ನಿಂತು ನೋಡಿ.

ಇಂಥ ಮಾತು ಹೇಳಿದಾಗಲೆಲ್ಲ "ಇದೆಲ್ಲ ಹೊರಗಿನಿಂದ ಬಂದ ಹೊಸ ವಿಚಾರ" ಅನ್ನುವವರಿದ್ದಾರೆ. ಹೌದಾ? 1906ರ ಮಾರ್ಚ್ 12ರಂದು ಉಡುಪಿಯಲ್ಲಿ ಒಂದು ಬ್ಯಾಂಕ್ ಶುರುವಾಯಿತು. ಆಮೇಲೆ ಕಾರ್ಪೊರೇಷನ್ ಬ್ಯಾಂಕ್ ಅಂತ ಹೆಸರಾದದ್ದು ಅದೇ. ಅದನ್ನು ಕಟ್ಟಿದವರು ಹಾಜಿ ಅಬ್ದುಲ್ಲಾ ಸಾಹೇಬರು. ಕೃಷ್ಣ ಮಠದ ಊರಿನಲ್ಲಿ ಒಬ್ಬ ಮುಸ್ಲಿಂ ವ್ಯಾಪಾರಿ ಮುಂದೆ ನಿಂತರು, ಬೇರೆ ಬೇರೆ ಸಮುದಾಯದವರು ಅವರ ಜೊತೆ ನಿಂತರು. ಜಾತಿ ಮತ ನೋಡದೆ ಎಲ್ಲ ವರ್ಗದವರಲ್ಲೂ ಉಳಿತಾಯದ ಅಭ್ಯಾಸ ಬೆಳೆಸಬೇಕು ಅಂತ ಅವರ ಮೊದಲ ಮನವಿಯಲ್ಲೇ ಇತ್ತು. ಅವರ ಮನೆಯಲ್ಲಿ ಬ್ಯಾಂಕಿನವರು ನಾಣ್ಯ ಸಂಗ್ರಹಾಲಯ ಮಾಡಿದರು. ಹೊಸದಾಗಿ ಸೇರಿದ ಟ್ರೈನಿಗಳನ್ನು ಒಮ್ಮೆ ನಾನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಒಬ್ಬ ಹುಡುಗ ಫೋಟೋದ ಮುಂದೆ ತುಂಬ ಹೊತ್ತು ನಿಂತ. ಅವನು ಬ್ಯಾರಿ ಹುಡುಗ, ನಮ್ಮ ಕರಾವಳಿಯ ಮುಸ್ಲಿಂ. "ಇವರು ಬ್ಯಾಂಕಿನ ಅಧ್ಯಕ್ಷರಾಗಿದ್ರಾ ಮೇಡಂ?" ಅಂತ ಎರಡು ಸಲ ಕೇಳಿದ. ನೂರು ವರ್ಷದ ಹಿಂದಿನದ್ದು ಅವನಿಗೆ ನಂಬಲಾಗದ ಸುದ್ದಿಯಾಗಿ ಕಂಡಿತು.

1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ನಮ್ಮ ಕೆನರಾ, ಸಿಂಡಿಕೇಟ್ ಅದರಲ್ಲಿದ್ದವು. 1980ರಲ್ಲಿ ಕಾರ್ಪೊರೇಷನ್ ಮತ್ತು ವಿಜಯಾ ಬ್ಯಾಂಕ್. ಸರಕಾರಿ ಬ್ಯಾಂಕ್ ಆದ ಮೇಲೆ ಮೀಸಲಾತಿಯೂ ಬಂತು. ನನ್ನ ಮಾವ ಹಾಗೆ ಕ್ಲಾರ್ಕ್ ಆದರು. ಇಸ್ತ್ರಿ ಮಾಡಿದ ಪ್ಯಾಂಟು ಹಾಕಿ ನಮ್ಮ ಕಾಲೊನಿಯಿಂದ ಬ್ಯಾಂಕಿಗೆ ಹೋದ ಮೊದಲ ಮನುಷ್ಯ ಅವರು. ಅವರನ್ನು ನೋಡಿಯೇ ಅಮ್ಮ ನನ್ನನ್ನು ಕಾಲೇಜಿಗೆ ಕಳಿಸಿದ್ದು. ಒಬ್ಬರು ಮೇಲೆ ಹೋದರೆ ಕೆಳಗೆ ನಿಂತವರಿಗೆ ದಾರಿ ಕಾಣುತ್ತದೆ. ಇದನ್ನು ನಾನು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ.

ಕುದ್ಮುಲ್ ರಂಗರಾಯರ ಹೆಸರು ನಿಮಗೆಲ್ಲ ಗೊತ್ತು. ಮಂಗಳೂರಿನ ಪುರಭವನಕ್ಕೆ ಅವರದೇ ಹೆಸರು. ಸಾರಸ್ವತ ಬ್ರಾಹ್ಮಣ ವಕೀಲರು. 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಶುರು ಮಾಡಿದರು. ದಲಿತ ಮಕ್ಕಳಿಗೆ ಶಾಲೆ ಕಟ್ಟಿದರು. ಅವರ ಜಾತಿಯವರೇ ಅವರನ್ನು ದೂರ ಇಟ್ಟರು. ಅವರದೊಂದು ಆಸೆ ಇತ್ತು. ತನ್ನ ಶಾಲೆಯಲ್ಲಿ ಓದಿದ ಮಗು ಸರಕಾರಿ ಕೆಲಸಕ್ಕೆ ಸೇರಬೇಕು, ಕಾರಿನಲ್ಲಿ ನಮ್ಮ ರಸ್ತೆಯಲ್ಲಿ ಹೋಗಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಗಬೇಕು, ಆಗ ಬದುಕು ಸಾರ್ಥಕ ಅಂತ. ಆ ಕಾರು ಬಂತು. ನೂರಾರು ಬಂದವು. ತಹಶೀಲ್ದಾರರಾದರು, ಬ್ಯಾಂಕ್ ಮ್ಯಾನೇಜರ್ ಆದರು, ಪ್ರೊಫೆಸರ್ ಆದರು. ಎಲ್ಲ ಹೆಚ್ಚುಕಡಿಮೆ ಸರಕಾರದ ಕಡೆಯಿಂದಲೇ. ನಿಮ್ಮ ಪಾರ್ಕಿಂಗಿನಲ್ಲಿ ಹೆಸರು ಬರೆದ ಜಾಗಗಳಿವೆಯಲ್ಲ, ಡೈರೆಕ್ಟರ್, ಮೆಡಿಕಲ್ ಸೂಪರಿಂಟೆಂಡೆಂಟ್, ಸಿಎಫ್‌ಒ ಅಂತ, ಅಲ್ಲಿಗೆ ಆ ಕಾರು ಇನ್ನೂ ಬಂದಿಲ್ಲ. ನಾನು ಕೆಲಸ ಮಾಡಿದ ಮೂರು ಸಂಸ್ಥೆಗಳಲ್ಲೂ ಬಂದಿಲ್ಲ.

ಹೆಂಗಸರ ವಿಷಯ ಹೇಳದೆ ಮುಂದೆ ಹೋಗಲಾರೆ. ಮಂಗಳೂರಿನಲ್ಲಿ ಸೇಂಟ್ ಆಗ್ನೆಸ್ ಕಾಲೇಜು ಶುರುವಾದದ್ದು 1921ರಲ್ಲಿ. ನೂರು ವರ್ಷದಿಂದ ಇಲ್ಲಿ ಹುಡುಗಿಯರು ಡಿಗ್ರಿ ಓದುತ್ತಿದ್ದಾರೆ. ಹಾಗಾಗಿ ಓದಿದ ಹೆಂಗಸರು ಸಿಗುವುದಿಲ್ಲ ಅಂತ ಈ ಊರಿನಲ್ಲಿ ಯಾರೂ ಹೇಳುವ ಹಾಗಿಲ್ಲ. ಆದರೂ ನಿಮ್ಮ ಮುಖ್ಯವಾದ ಮಾತುಕತೆ ನಡೆಯುವುದು ಸಂಜೆ ಏಳರ ಮೇಲೆ, ಹೋಟೆಲಿನಲ್ಲಿ. ಮೂಡುಬಿದಿರೆಗೋ ಕಾರ್ಕಳಕ್ಕೋ ಹೋಗಬೇಕಾದ ಹೆಂಗಸು ಬಸ್ಸಿನ ಹೊತ್ತು ನೋಡಿಕೊಂಡು ಆರೂವರೆಗೆ ಎದ್ದು ಹೋಗುತ್ತಾಳೆ. ಮರುದಿನ ಬಂದಾಗ ತೀರ್ಮಾನ ಆಗಿರುತ್ತದೆ. "ನೀವು ಇರ್ಲಿಲ್ಲ ಅಲ್ವಾ" ಅನ್ನುತ್ತಾರೆ. 50 ಅಥವಾ ಅದಕ್ಕಿಂತ ಜಾಸ್ತಿ ನೌಕರರು ಇದ್ದಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು ಅಂತ 2017ರಿಂದ ಕಾನೂನೇ ಇದೆ. ನಾನು ಕಂಡ ಒಂದು ಕಡೆ ಆ ಕೋಣೆಯಲ್ಲಿ ಹಳೆಯ ಕಂಪ್ಯೂಟರ್ ಇಟ್ಟಿದ್ದರು. ವಿಕಲಚೇತನರದ್ದೂ ಇದೇ ಕಥೆ. ಹೊರಗಿನ ಬಾಗಿಲಿಗೆ ರ‍್ಯಾಂಪ್ ಇದೆ, ಬೋರ್ಡ್ ರೂಮ್ ಮೆಟ್ಟಿಲು ಹತ್ತಿದ ಮೇಲೆ.

ಇನ್ನೊಂದು ಘಟನೆ. ಹೊರ ಜಿಲ್ಲೆಯಿಂದ ಒಬ್ಬ ಮುಸ್ಲಿಂ ಡಾಕ್ಟರು ವಿಭಾಗದ ಮುಖ್ಯಸ್ಥರಾಗಿ ಬಂದರು. ಮನೆ ಹುಡುಕಿಕೊಡುವುದು ನಮ್ಮ ವಿಭಾಗದ ಕೆಲಸ. ಒಂಬತ್ತು ಕಡೆ ನಾನೇ ಫೋನ್ ಮಾಡಿದೆ. "ಡಾಕ್ಟ್ರಾ? ಒಳ್ಳೇದಾಯ್ತು. ಹೆಸರೇನು?" ಹೆಸರು ಹೇಳಿದ ಕೂಡಲೇ, "ಓ, ಅದು ಮೊನ್ನೆಯೇ ಬೇರೆಯವರಿಂದ ಅಡ್ವಾನ್ಸ್ ತಗೊಂಡಾಯ್ತಲ್ಲ." ಒಂಬತ್ತು ಕಡೆಯೂ ಹೀಗೇ. ಮೂರು ತಿಂಗಳು ಅವರು ಗೆಸ್ಟ್ ಹೌಸಿನಲ್ಲಿದ್ದರು. ಹೆಂಡತಿ ಮಕ್ಕಳನ್ನು ಕರೆತರಲು ಆಗಲಿಲ್ಲ. ಕೊನೆಗೆ ಬಿಟ್ಟುಹೋದರು. ಮೀಟಿಂಗಿನಲ್ಲಿ ದಾಖಲಾದದ್ದು ಏನು ಗೊತ್ತಾ? "ಅವರಿಗೆ ಇಲ್ಲಿ ಸೆಟ್ ಆಗಲಿಲ್ಲ." ನಿಮ್ಮಲ್ಲಿ ಎಷ್ಟೋ ಮಂದಿಗೆ ಬಿಲ್ಡರುಗಳು ಗೊತ್ತು, ಕೆಲವರಿಗೆ ಸ್ವಂತ ಫ್ಲ್ಯಾಟುಗಳೇ ಇವೆ. ನಮ್ಮ ಹುಡುಗ ಅಂತ ಮಾಡುವ ಫೋನಿನಲ್ಲಿ ಒಂದನ್ನು ಇಂಥವರಿಗೂ ಮಾಡಿದ್ದರೆ ಆ ಡಾಕ್ಟರು ಇವತ್ತು ಇಲ್ಲೇ ಇರುತ್ತಿದ್ದರು. ನಷ್ಟ ಆದದ್ದು ನಮ್ಮ ರೋಗಿಗಳಿಗೆ.

"ನಾವು ಮೆರಿಟ್ ನೋಡುತ್ತೇವೆ, ಬೇರೆ ಏನೂ ನೋಡುವುದಿಲ್ಲ" ಎಂಬ ಮಾತು ನಾನು ಜಾಸ್ತಿ ಕೇಳಿದ್ದು. ನನಗೂ ಮೆರಿಟ್ಟೇ ಬೇಕು. ಸಿಸ್ಟರಿಗೂ ಬೇಕಾಗಿದ್ದದ್ದು ಅದೇ. 80ರಲ್ಲಿ 66 ಮೆರಿಟ್ಟಲ್ಲವಾ? ಮೆರಿಟ್ ನೋಡುವುದಾದರೆ ಮೊದಲು ಹುದ್ದೆ ಖಾಲಿ ಇದೆ ಅಂತ ಎಲ್ಲರಿಗೂ ಗೊತ್ತಾಗಬೇಕು. ಓಟದ ಸುದ್ದಿಯನ್ನೇ ನಾಲ್ಕು ಮನೆಗೆ ಮಾತ್ರ ಹೇಳಿ, ಗೆದ್ದವನೇ ಊರಿಗೆ ವೇಗದವನು ಅನ್ನುವುದು ಸರಿಯಲ್ಲ.

ಅಮ್ಮ ಬೀಡಿ ಕಟ್ಟುತ್ತಿದ್ದರು. ಈ ಜಿಲ್ಲೆಗಳಲ್ಲಿ ನನ್ನ ವಯಸ್ಸಿನ ಎಷ್ಟೋ ಮಂದಿಯ ಕಾಲೇಜು ಫೀಸು ಬೀಡಿಯಿಂದ ಬಂದದ್ದು. ತಡ್ಪೆ, ಅಂದರೆ ಮೊರ, ತೊಡೆಯ ಮೇಲಿಟ್ಟುಕೊಂಡು, ಎಲೆ ಕತ್ತರಿಸಿ, ಹೊಗೆಸೊಪ್ಪು ಹಾಕಿ, ಸುತ್ತಿ, ನೂಲು ಕಟ್ಟಿ. ಶಾಲೆಯಿಂದ ಬಂದ ಮೇಲೆ ತುದಿ ಮಡಚುವುದು ನನ್ನ ಕೆಲಸ. ಬೀಡಿ ಬ್ರಾಂಚಿಗೆ ಕೊಡಲು ಹೋಗುವಾಗ ನಾನೂ ಜೊತೆಗೆ ಹೋಗುತ್ತಿದ್ದೆ. ಅಲ್ಲಿ ಅಮ್ಮನ ಕಣ್ಣೆದುರೇ ಎಣಿಸುತ್ತಿದ್ದರು. ಒಂದು ಕಟ್ಟಿನಲ್ಲಿ 25. ಕೆಲವು ಬೀಡಿ ತೆಗೆದು ಪಕ್ಕಕ್ಕೆ ಹಾಕುತ್ತಿದ್ದರು. ಅಮ್ಮ ಕೇಳುತ್ತಿದ್ದರು, "ಯಾಕೆ?" ಬ್ರಾಂಚಿನವರು ಬೀಡಿಯನ್ನು ಎತ್ತಿ ತೋರಿಸುತ್ತಿದ್ದರು. ಎಲೆ ಹರಿದಿದೆ, ಹೊಗೆಸೊಪ್ಪು ಕಡಿಮೆ ಇದೆ, ಕಟ್ಟು ಸಡಿಲ. ಕೆಲವು ದಿನ ಅನ್ಯಾಯವಾಗಿಯೂ ತೆಗೆಯುತ್ತಿದ್ದರು. ಆಗ ಅಮ್ಮ ಜಗಳ ಮಾಡುತ್ತಿದ್ದರು. ಪಕ್ಕದಲ್ಲಿ ನಿಂತ ಹೆಂಗಸರೂ ಸೇರುತ್ತಿದ್ದರು. ನಾಲ್ಕು ಬೀಡಿ ತಿರುಗಿ ಕಟ್ಟಿನೊಳಗೆ ಬರುತ್ತಿತ್ತು.

ಅಲ್ಲಿ ತಿರಸ್ಕರಿಸಿದ್ದನ್ನು ಕಣ್ಣಿಗೆ ತೋರಿಸುತ್ತಿದ್ದರು, ಕಾರಣ ಹೇಳುತ್ತಿದ್ದರು. ಅದಕ್ಕೇ ಅಮ್ಮನಿಗೆ ಮಾತಾಡಲು ಬಾಯಿ ಇತ್ತು. 19 ವರ್ಷ ದುಡಿದ ಸಿಸ್ಟರಿಗೆ ಎಸಿ ಕೋಣೆಯಲ್ಲಿ ಆ ಒಂದು ಬೀಡಿಗೆ ಸಿಕ್ಕಿದಷ್ಟು ಮರ್ಯಾದೆ ಸಿಗಲಿಲ್ಲ.

ಹಾಗಾಗಿ ನಾನು ಕೇಳುವುದು ದೊಡ್ಡದೇನಲ್ಲ. ನಿಮ್ಮ ಮೇಲಿನ ಹುದ್ದೆಗಳಿಗೂ ಜಾಹೀರಾತು ಕೊಡಿ. ಪೇಪರಿನಲ್ಲಿ ಆಗದಿದ್ದರೆ ನಿಮ್ಮದೇ ನೋಟಿಸ್ ಬೋರ್ಡಿನಲ್ಲಿ ಹದಿನೈದು ದಿನ ಇರಲಿ. ಒಳಗೆ ದುಡಿಯುವವರು ಮೊದಲು ಅರ್ಜಿ ಹಾಕಲಿ. ಅಂಕಪಟ್ಟಿಯಿಂದ ವ್ಯಕ್ತಿತ್ವದ ಕಾಲಂ ತೆಗೆಯಿರಿ. ಬೇಕೇ ಬೇಕಾದರೆ ಅದರ ಅರ್ಥ ಏನು ಅಂತ ಸಂದರ್ಶನಕ್ಕೆ ಮೊದಲು ಬರೆದಿಡಿ. ಆಯ್ಕೆ ಆಗದವರಿಗೆ ಅವರ ಅಂಕ ತೋರಿಸಿ, ಕಾರಣ ಹೇಳಿ. ಸಂದರ್ಶನ ಮಾಡುವ ಐದು ಮಂದಿಯಲ್ಲಿ ಒಬ್ಬರಾದರೂ ನಿಮ್ಮ ಮದುವೆ ಊಟದ ಬಳಗದ ಹೊರಗಿನವರಿರಲಿ. "ಇಲ್ಲ್ ಓಲು" ಅಂತ ಕೇಳಲೇಬೇಕು ಅನಿಸಿದರೆ, ಆಯ್ಕೆ ಆದ ಮೇಲೆ ಚಹಾ ಕುಡಿಯುವಾಗ ಕೇಳಿ.

ಮತ್ತೆ, ಎಣಿಸಿ. ಷೇರು ಮಾರುಕಟ್ಟೆಯಲ್ಲಿರುವ 1,000 ದೊಡ್ಡ ಕಂಪನಿಗಳು ನೌಕರರಲ್ಲಿ, ಮೇಲಿನ ಹುದ್ದೆಯಲ್ಲಿ ಹೆಂಗಸರು ಎಷ್ಟು, ವಿಕಲಚೇತನ ನೌಕರರು ಎಷ್ಟು ಅಂತ ಪ್ರತಿವರ್ಷ ಹೇಳಬೇಕು ಅಂತ ಆ ಮಾರುಕಟ್ಟೆಯನ್ನು ನಿಯಂತ್ರಿಸುವ ಸೆಬಿ ನಿಯಮ ಮಾಡಿದೆ. 2013ರ ಕಂಪನಿ ಕಾನೂನು ಬಂದ ಮೇಲೆ ಷೇರು ಮಾರುಕಟ್ಟೆಯ ಕಂಪನಿಗಳಲ್ಲಿ ಒಬ್ಬ ಮಹಿಳಾ ನಿರ್ದೇಶಕಿ ಇರಬೇಕು ಅಂತಾಯಿತು. ಆಗ ಹಲವು ಕಡೆ ಮನೆಯ ಹೆಂಗಸರನ್ನೇ ತಂದು ಕೂರಿಸಿದರು. 2020ರ ಏಪ್ರಿಲ್‌ನಿಂದ ಈ 1,000 ಕಂಪನಿಗಳಿಗೆ ಸ್ವತಂತ್ರ ಮಹಿಳಾ ನಿರ್ದೇಶಕಿಯೇ ಬೇಕು ಅಂತ ನಿಯಮ ಗಟ್ಟಿಯಾಯಿತು. ಆದರೆ ನಮ್ಮ ಊರಿನ ಆಸ್ಪತ್ರೆ, ಕಾಲೇಜುಗಳಲ್ಲಿ ಹೆಚ್ಚಿನವು ಟ್ರಸ್ಟ್‌ಗಳು, ಸೊಸೈಟಿಗಳು. ಈ ನಿಯಮಗಳು ನಿಮ್ಮನ್ನು ಮುಟ್ಟುವುದಿಲ್ಲ. ಜಾತಿ, ಧರ್ಮದ ಲೆಕ್ಕವನ್ನಂತೂ ಈ ನಿಯಮಗಳೂ ಕೇಳುವುದಿಲ್ಲ. ನಿಮ್ಮನ್ನು ಒತ್ತಾಯ ಮಾಡುವವರು ಯಾರೂ ಇಲ್ಲ. ಅದಕ್ಕೇ ಸರಕಾರಕ್ಕೆ ಬರೆಯದೆ ನಿಮಗೇ ಬರೆದೆ. ಮನಸ್ಸಿದ್ದವರು ತಮ್ಮ ಗುರುತು ತಾವೇ ಹೇಳಲಿ, ಯಾರ ಹೆಸರೂ ಬೇಡ. ಕೆಳಗಿನ ಹುದ್ದೆಯಲ್ಲಿ ಎಷ್ಟು ಮಂದಿ ಯಾರು, ಮೇಲಿನದರಲ್ಲಿ ಎಷ್ಟು, ವರ್ಷಕ್ಕೊಮ್ಮೆ ವಾರ್ಷಿಕ ವರದಿಯಲ್ಲಿ ಒಂದು ಪುಟ ಹಾಕಿ.

ನನ್ನಿಂದ ಆದ ಒಂದು ತಪ್ಪನ್ನೂ ಹೇಳಬೇಕು. ಫೈನಾನ್ಸ್ ಕಂಪನಿಯಲ್ಲಿದ್ದಾಗ ನನ್ನ ಚಿಕ್ಕಮ್ಮನ ಮಗನಿಗೆ ಸೂಪರ್‌ವೈಸರ್ ಕೆಲಸಕ್ಕೆ ನಾನೂ ಒಂದು ಫೋನು ಮಾಡಿದ್ದೆ. ಅವನಿಗೆ ಕೆಲಸ ಆಯಿತು. ನಮ್ಮವರಿಗೆ ಫೋನು ಮಾಡಲಿಕ್ಕೆ ಬೇರೆ ಯಾರಿದ್ದಾರೆ ಅಂತ ಆಗ ಸಮಾಧಾನ ಮಾಡಿಕೊಂಡೆ. ಆ ಹುದ್ದೆಗೆ ಅರ್ಹರಾಗಿದ್ದ ಇನ್ನೊಬ್ಬರು ಯಾರು ಅಂತ ನಾನೂ ನೋಡಲಿಲ್ಲ. ಹಾಗಾಗಿ ನಿಮ್ಮನ್ನು ಕೆಟ್ಟವರು ಅಂತ ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ನಮ್ಮವರಿಗೆ ಮಾಡಬೇಕು ಅನ್ನುವುದು ಎಲ್ಲರಿಗೂ ಇರುವ ಆಸೆ. ಅದನ್ನು ಸಂದರ್ಶನದ ಕೋಣೆಯ ಹೊರಗೆ ಇಡಲು ನನಗೂ ಒಂದು ನಿಯಮ ಬೇಕಿತ್ತು. ಇರಲಿಲ್ಲ.

ಕಳೆದ ವಾರ ಸಿಸ್ಟರ್ ಫೋನ್ ಮಾಡಿದ್ದರು. ಬರುವ ಮೇ ತಿಂಗಳಲ್ಲಿ ಆ ಕುರ್ಚಿ ಮತ್ತೆ ಖಾಲಿಯಾಗುತ್ತದಂತೆ. ಅವರ ನಿವೃತ್ತಿಗೆ ಇನ್ನೂ ಆರು ವರ್ಷ ಇದೆ. ಅರ್ಜಿ ಹಾಕ್ತೀರಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಹಿಂದಿನಿಂದ ವಾರ್ಡಿನ ಗಂಟೆಯ ಶಬ್ದ ಕೇಳುತ್ತಿತ್ತು. "ನೋಟಿಸ್ ಹಾಕಿದರೆ ಹಾಕ್ತೇನೆ ಮೇಡಂ," ಅಂದರು.

ಇತಿ,
ನಿಮ್ಮ ಮೇಜಿನ ತುದಿಯಲ್ಲಿ ಕೂತಿದ್ದವಳು,
ಮಂಗಳೂರು